ಸೂರ್ಯನ ಕಾಂತೀಯ ಅಲೆಗಳು: 1980ರ ಗ್ರಹಣದಿಂದ ಆದಿತ್ಯ-ಎಲ್1ರವರೆಗೆ

ಹಿನ್ನೆಲೆ
1980ರ ಫೆಬ್ರವರಿ 16ರಂದು ಹುಬ್ಬಳ್ಳಿಯೂ ಸೇರಿದಂತೆ ಅಂಕೋಲಾದಿಂದ ರಾಯಚೂರಿನವರೆಗಿನ ಪ್ರದೇಶದಲ್ಲಿ ಪೂರ್ಣ ಸೂರ್ಯಗ್ರಹಣ ಗೋಚರಿಸಿತು. ಪೂರ್ಣತೆಯ ಅವಧಿ ಮೂರು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲಿಯೇ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನಾದ ಬೆಳಕನ್ನು ವಿಶ್ಲೇಷಣೆಗಾಗಿ ದಾಖಲಿಸಿದರು.

ಮೂಲ ಪ್ರಶ್ನೆ
ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರಿಂದ ದೂರವಿರುವ ಕರೋನಾದ ಉಷ್ಣತೆ 10 ಲಕ್ಷ ಡಿಗ್ರಿಗೂ ಅಧಿಕ. ಒಲೆಯಿಂದ ದೂರ ಸರಿದಷ್ಟೂ ಕಾವು ಹೆಚ್ಚಿದಂತಹ ಈ ಸಂಗತಿಗೆ ಕಾಂತೀಯ ಅಲೆಗಳು ಒಂದು ಪ್ರಮುಖ ಕಾರಣವೆಂದು ಪರಿಗಣಿಸಲಾಗಿದೆ.

ಅಲೆಗಳ ಸ್ವರೂಪ
ಕರೋನಾ ಎಂಬುದು ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಹೊಂದಿದ ಅನಿಲ. ಅದು ಕಾಂತೀಯ ರೇಖೆಗಳಿಗೆ ಅಂಟಿಕೊಂಡು ಚಲಿಸುತ್ತದೆ. ತಂಬೂರಿಯ ತಂತಿ ಮೀಟಿದಾಗ ಕಂಪನ ಹರಿಯುವಂತೆ ಈ ರೇಖೆಗಳ ಉದ್ದಕ್ಕೂ ಅಲೆಗಳು ಶಕ್ತಿಯನ್ನು ಸಾಗಿಸುತ್ತವೆ. ಸ್ವೀಡನ್ನಿನ ಹಾನ್ಸ್ ಆಲ್ಫ್‌ವೆನ್ 1942ರಲ್ಲಿ ಇವನ್ನು ಸಿದ್ಧಾಂತರೂಪದಲ್ಲಿ ಮಂಡಿಸಿದರು; 1970ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಲಭಿಸಿತು. ಆದಾಗ್ಯೂ ಕರೋನಾವನ್ನು ಕಾಯಿಸುವಲ್ಲಿ ಅಲೆಗಳ ಪಾಲೆಷ್ಟು, ಕಿರು ಕಾಂತೀಯ ಸ್ಫೋಟಗಳ ಪಾಲೆಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಇತ್ತೀಚಿನ ಬೆಳವಣಿಗೆ
ಗ್ರಹಣದ ಕೆಲವೇ ನಿಮಿಷಗಳ ಮಿತಿಯನ್ನು ಮೀರಲು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯನ್ನು ಉಡಾಯಿಸಲಾಯಿತು. ಅದು 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ನಿಗದಿತ ಕಕ್ಷೆಯನ್ನು ಸೇರಿತು. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ತನ್ನ ಹೊಸಕೋಟೆ ಆವರಣದಲ್ಲಿ ಸಿದ್ಧಪಡಿಸಿದ ಅದರ ಪ್ರಧಾನ ಉಪಕರಣವು ಸೂರ್ಯಬಿಂಬವನ್ನು ಮರೆಮಾಡಿ, ಗ್ರಹಣಕ್ಕಾಗಿ ಕಾಯದೆ ಕರೋನಾವನ್ನು ವೀಕ್ಷಿಸುತ್ತದೆ.

ಸಾರ್ವಜನಿಕರಿಗೆ ಸಂಬಂಧಿಸಿದ ಅಂಶಗಳು
1. 2024ರ ಮೇ 10-11ರ ಭೂಕಾಂತೀಯ ಬಿರುಗಾಳಿ ಎರಡು ದಶಕಗಳಲ್ಲಿಯೇ ಅತ್ಯಂತ ಪ್ರಬಲವಾಗಿತ್ತು. ಲಡಾಖ್‌ನ ಹಾನ್ಲೆಯಲ್ಲಿಯೂ ಆಗಸದ ಕೆಂಪು ಪ್ರಭೆ ದಾಖಲಾಯಿತು.
2. 1989ರ ಮಾರ್ಚ್‌ನಲ್ಲಿ ಇಂತಹದೇ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು ಒಂಬತ್ತು ಗಂಟೆ ವಿದ್ಯುತ್ ಸ್ಥಗಿತಗೊಂಡಿತ್ತು. ಧ್ರುವಗಳಿಂದ ದೂರವಿರುವ ಕರ್ನಾಟಕದಲ್ಲಿ ಈ ಅಪಾಯ ಕಡಿಮೆ.
3. ಉಪಗ್ರಹ ಸಂಕೇತಗಳನ್ನು ಅವಲಂಬಿಸಿದ ಜಮೀನು ಅಳತೆ, ವಾಹನಗಳ ಸ್ಥಾನಸೂಚನೆ ಮುಂತಾದ ಸೇವೆಗಳಲ್ಲಿ ಅಂತಹ ಸಮಯದಲ್ಲಿ ತಾತ್ಕಾಲಿಕ ವ್ಯತ್ಯಯ ಉಂಟಾಗಬಹುದು. ಬಿರುಗಾಳಿ ಶಮನಗೊಂಡ ನಂತರ ಅಳತೆಯನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳುವುದು ಸೂಕ್ತ.
4. ನೆಲದ ಮೇಲಿರುವವರ ಆರೋಗ್ಯಕ್ಕೆ ಇದರಿಂದ ನೇರ ಹಾನಿಯಿಲ್ಲ. ಆದ್ದರಿಂದ ಸಾರ್ವಜನಿಕರು ವದಂತಿಗಳಿಗೆ ಕಿವಿಗೊಡಬಾರದು.

ಅಲೆಗಳ ಅಧ್ಯಯನ ಮುಂದುವರಿದಷ್ಟೂ ಇಂತಹ ಬಿರುಗಾಳಿಗಳ ಮುನ್ಸೂಚನೆ ನಿಖರಗೊಳ್ಳುವುದು. ಗ್ರಹಣದ ದಿನ ನಿಮಿಷಗಳಲ್ಲಿ ನಡೆದ ವೀಕ್ಷಣೆ ಇಂದು ನಿತ್ಯದ ಕಾರ್ಯವಾಗಿರುವುದರ ಮಹತ್ವ ಇದೇ ಆಗಿದೆ.