ಪೆಟ್ರೋಲ್ ಟ್ಯಾಂಕಿನೊಳಗಿನ ವಿಕ್ರಾಂತ್

ಪುಣೆಯ ರಸ್ತೆಗಳಲ್ಲಿ ಬಜಾಜ್ ‘ವಿ’ ಬೈಕು ಈಗಲೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. 2016ರಲ್ಲಿ ನಮ್ಮ ಆಕುರ್ಡಿಯ ಕಂಪನಿ ಅದನ್ನು ಹೊರತಂದಾಗ ಜಾಹೀರಾತಿನ ತುಂಬ ಒಂದೇ ಮಾತು: ಇದರ ಪೆಟ್ರೋಲ್ ಟ್ಯಾಂಕಿನಲ್ಲಿ ಐಎನ್‌ಎಸ್ ವಿಕ್ರಾಂತ್ ಹಡಗಿನ ಲೋಹ ಸೇರಿದೆ!

1961ರಲ್ಲಿ ನೌಕಾಪಡೆ ಸೇರಿದ ವಿಕ್ರಾಂತ್ ನಮ್ಮ ಮೊದಲ ವಿಮಾನವಾಹಕ ನೌಕೆ. 1971ರ ಯುದ್ಧದಲ್ಲಿ ಅದರ ಮೇಲಿಂದ ಹಾರಿದ ಸೀ ಹಾಕ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿದವು. 1997ರಲ್ಲಿ ನಿವೃತ್ತಿ. ಆಮೇಲೆ ಕೆಲವು ವರ್ಷ ಮುಂಬೈಯಲ್ಲಿ ತೇಲುವ ಮ್ಯೂಸಿಯಂ ಆಗಿತ್ತು. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಅದೂ ಮುಚ್ಚಿತು. ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನ ತನಕ ಹೋದವರಿದ್ದರು, ಫಲಿಸಲಿಲ್ಲ. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಯಾಯಿತು.

ಬೈಕು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಕರಗಿ ಹೋಗುವ ಕಬ್ಬಿಣಕ್ಕೆ ಅಷ್ಟಾದರೂ ಹೆಸರು ಉಳಿಯಿತು. ಆದರೆ ಬೈಕಿಗೂ ಆಯಸ್ಸು ಅಂತ ಒಂದಿದೆಯಲ್ಲ? ನಾಳೆ ಆ ಟ್ಯಾಂಕನ್ನು ಕಿಲೋ ಲೆಕ್ಕದಲ್ಲಿ ತೂಗುವ ಗುಜರಿಯವನಿಗೆ ಅದೂ ಬರೀ ತಗಡು.

ನಮ್ಮ ಕಾರವಾರದಲ್ಲಿ ಬೇರೆಯೇ ಕಥೆ. ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆ 2006ರಿಂದ ಮ್ಯೂಸಿಯಂ ಆಗಿ ನಿಂತಿದೆ. ಗೋವಾಕ್ಕೆ ಹೋಗುವ ದಾರಿಯಲ್ಲಿ ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಚಪಲ್‌ನ ಉದ್ದ ಸುಮಾರು 38 ಮೀಟರ್, ವಿಕ್ರಾಂತ್‌ನದು 210 ಮೀಟರಿಗೂ ಹೆಚ್ಚು. ಚಪಲ್ ನೆಲದ ಮೇಲಿದೆ, ಉಪ್ಪುಗಾಳಿಗೆ ಆಗಾಗ ಬಣ್ಣ ಬಳಿದರೆ ನಡೆಯುತ್ತದೆ. ವಿಕ್ರಾಂತ್ ಇದ್ದದ್ದು ನೀರಿನಲ್ಲಿ. ಅಷ್ಟು ದೊಡ್ಡ ತಳಕ್ಕೆ ತುಕ್ಕು ಹಿಡಿಯುವುದನ್ನು ತಡೆಯುವ ಖರ್ಚು ವರ್ಷ ವರ್ಷವೂ ಇರುವಂಥದ್ದು. ಅಭಿಮಾನಕ್ಕೆ ಕೊರತೆಯಿರಲಿಲ್ಲ, ಈ ಖರ್ಚಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ.

ಶ್ರೀಮಂತ ದೇಶಗಳದ್ದೂ ಇದೇ ಪಾಡು. 1952ರಲ್ಲಿ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಬರೆದ ಪ್ರಯಾಣಿಕ ಹಡಗು ‘ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್’ ದಶಕಗಟ್ಟಲೆ ಫಿಲಡೆಲ್ಫಿಯಾದಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಕೊನೆಗೆ ಫ್ಲಾರಿಡಾದವರು ಕೊಂಡದ್ದು ಕಡಲಲ್ಲಿ ಮುಳುಗಿಸಿ ಮೀನುಗಳಿಗೆ ಮನೆ ಮಾಡಲು. ಚಿಮಣಿಗಳಷ್ಟು ದಡದ ಮ್ಯೂಸಿಯಂಗೆ.

ವಿಕ್ರಾಂತ್ ಹೋಯಿತು, ಆದರೆ ಅದರಲ್ಲಿ ದುಡಿದವರಲ್ಲಿ ಎಷ್ಟೋ ಮಂದಿ ಇನ್ನೂ ಇದ್ದಾರೆ. ನೌಕಾಪಡೆಯ ಎಂಜಿನ್ ವಿಭಾಗದವರಿಗೆ ತರಬೇತಿ ಕೊಡುವ ಐಎನ್‌ಎಸ್ ಶಿವಾಜಿ ಇರುವುದು ಇಲ್ಲೇ ಲೋಣಾವಳದಲ್ಲಿ. ನಿಮ್ಮ ಸೊಸೈಟಿಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಅಜ್ಜ ಯಾರಾದರೂ ಇದ್ದರೆ ಒಂದು ಭಾನುವಾರ ಹೋಗಿ ಕೂತುಕೊಳ್ಳಿ. ಬಾಯ್ಲರ್ ಕೋಣೆಯ ಸೆಖೆ ಹೇಗಿರುತ್ತಿತ್ತು, ಊಟಕ್ಕೆ ಏನಿರುತ್ತಿತ್ತು ಎಂದು ಕೇಳಿ. ಮೊಬೈಲಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿಡಲು ಮರೆಯಬೇಡಿ.