ನಕಾಶೆಯ ದಾರಿ ನೆಲಕ್ಕೆ ಬರಲಿ

ಚಾಮರಾಜನಗರದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಹರದನಹಳ್ಳಿಯಿಂದ ಒಂದು ದಾರಿ ಕೇಳಿ ಬರೆಯುತ್ತಿದ್ದೇನೆ. ಡಾಂಬರು ಬೇಡ, ಕಾಂಕ್ರೀಟು ಬೇಡ, ಅನುದಾನವೂ ಬೇಡ. ಇಬ್ಬರು ಮಾತಾಡಿಕೊಂಡು ಹೋಗುವಷ್ಟು ಅಗಲದ ಮಣ್ಣಿನ ಕಾಲುದಾರಿ ಸಾಕು.

ನಮ್ಮದು ಹೋಬಳಿ ಕೇಂದ್ರ, ನಿಮ್ಮ ಕಚೇರಿಗೆ ಹತ್ತಿರದ ಊರು. ಹೊರಗಿನವರಿಗೆ ಇದು ದಿವ್ಯಲಿಂಗೇಶ್ವರನ ಗುಡಿಯ ಊರು, ಗೋಸಲ ಚನ್ನಬಸವೇಶ್ವರರ ಊರು. ಅವರ ಶಿಷ್ಯರು ತೋಂಟದ ಸಿದ್ಧಲಿಂಗ ಯತಿಗಳು ಇಲ್ಲಿಂದ ಹೊರಟು, ವಿರಕ್ತರ ದೊಡ್ಡ ಗುಂಪಿನೊಡನೆ ನಾಡು ಸುತ್ತಿ, ಕುಣಿಗಲ್ ಸೀಮೆಯ ಎಡೆಯೂರು ಸೇರಿದರು. ಅಂಥವರ ಊರಿನ ಮಕ್ಕಳು ಇವತ್ತು ಊರೆಲ್ಲೆಯ ತನಕ ನಡೆಯಬೇಕೆಂದರೂ ಲಾರಿ ಓಡಾಡುವ ರಸ್ತೆಯ ಅಂಚನ್ನೇ ಹಿಡಿಯಬೇಕು.

ಹಳೆಯ ದಾರಿಗಳು ಒಂದೇ ದಿನಕ್ಕೆ ಮಾಯವಾದವಲ್ಲ. ವರ್ಷಕ್ಕೊಂದು ಮೊಳ ಬೇಲಿ ಸರಿಯಿತು. ಬೇಲಿ ಸರಿಯದ ಕಡೆ ಲಂಟಾನ, ಬಳ್ಳಾರಿ ಜಾಲಿ ನುಗ್ಗಿದವು. ನಡೆಯುವವರು ಕಡಿಮೆಯಾದರು, ಬೈಕು ಹೆಚ್ಚಾದವು, ಕೇಳುವವರೇ ಇಲ್ಲವಾದರು. ತಪ್ಪು ಹೊಲದವರದಷ್ಟೇ ಅಲ್ಲ, ನಡಿಗೆ ಬಿಟ್ಟ ನಮ್ಮದೂ ಹೌದು.

ಆದರೆ ನಕಾಶೆಯಲ್ಲಿ ದಾರಿ ಇನ್ನೂ ಇದೆ. ಗ್ರಾಮ ನಕಾಶೆಯನ್ನು ಈಗ ಮೊಬೈಲಿನಲ್ಲೇ ಇಳಿಸಿಕೊಳ್ಳಬಹುದು. ಬಂಡಿದಾರಿ, ಕಾಲುದಾರಿಗಳ ತುಂಡುಗೆರೆ ಕಣ್ಣಿಗೆ ಕಾಣುತ್ತದೆ. ಅದನ್ನೇ ಹಿಡಿದುಕೊಂಡು ಹಿಂದೊಮ್ಮೆ ಒಂದು ಕಚೇರಿಗೆ ಹೋಗಿದ್ದೆ. ‘ದಾರಿ ಯಾರ ಹೆಸರಲ್ಲಿದೆ? ಪಹಣಿ ತನ್ನಿ’ ಅಂದರು. ದಾರಿ ಯಾರ ಹೆಸರಿನಲ್ಲೂ ಇಲ್ಲದಿರುವುದರಿಂದಲೇ ಅದು ದಾರಿ, ಸ್ವಾಮಿ! ಅವತ್ತು ಇದನ್ನು ಹೇಳಲು ಬಾಯಿ ಬರಲಿಲ್ಲ. ಟೀ ಕುಡಿದು ವಾಪಸು ಬಂದೆ.

ಬಿ ಖರಾಬು ಎಂದು ಬರೆದಿಟ್ಟ ನೆಲ ಸಾರ್ವಜನಿಕರದು. ‘ನಮ್ಮ ಹೊಲ ನಮ್ಮ ದಾರಿ’ ಎಂದು ಉದ್ಯೋಗ ಖಾತರಿಯಡಿ ಸರ್ಕಾರವೇ ಹೊಲದ ದಾರಿಗಳನ್ನು ಮಾಡಿಸಿದ್ದೂ ಉಂಟು. ನಮ್ಮ ಕೋರಿಕೆ ಅದಕ್ಕಿಂತ ಸಣ್ಣದು: ಸರ್ವೆಯವರು ಅಳೆದು ಕಲ್ಲು ನೆಟ್ಟುಕೊಡಲಿ. ಮಿಕ್ಕ ಕೆಲಸಕ್ಕೆ ನಮ್ಮ ಗುದ್ದಲಿ, ಹಾರೆ, ಬಾಂಡ್ಲಿ ಇವೆ.

ಕೆಲಸ ಗೊತ್ತಿದ್ದೇ ಹೇಳುತ್ತಿದ್ದೇವೆ. ಲಂಟಾನವನ್ನು ಮೇಲೆ ಸವರಿದರೆ ದುಪ್ಪಟ್ಟು ಚಿಗುರುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದಾಗ, ಹಣ್ಣಾಗುವ ಮುಂಚೆ, ಬುಡಸಮೇತ ಕೀಳಬೇಕು. ಹಣ್ಣಾದರೆ ಹಕ್ಕಿಗಳು ಬೀಜವನ್ನು ಊರೆಲ್ಲ ಬಿತ್ತುತ್ತವೆ. ಕಿತ್ತ ಕಡ್ಡಿಯೂ ದಂಡವಲ್ಲ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ ಹೆಣೆಯುತ್ತಾರೆ. ಇಳಿಜಾರಿನಲ್ಲಿ ನೀರು ದಾರಿಯುದ್ದಕ್ಕೂ ಹರಿಯಲು ಬಿಟ್ಟರೆ ಎರಡೇ ಮಳೆಗೆ ದಾರಿ ಕೊರಕಲಾಗುತ್ತದೆ. ಅಲ್ಲಲ್ಲಿ ಓರೆಯಾಗಿ ಅಡ್ಡಗಲ್ಲು ಹೂತು ನೀರನ್ನು ಪಕ್ಕಕ್ಕೆ ಇಳಿಸಬೇಕು. ಜೆಸಿಬಿಗೆ ಈ ಓರೆಯ ಸೂಕ್ಷ್ಮ ತಿಳಿಯದು. ದಯವಿಟ್ಟು ಅದನ್ನು ಕಳಿಸಬೇಡಿ.

ಕಾಡಿನೊಳಕ್ಕೆ ಕಾಲಿಡುವ ಆಸೆ ನಮಗಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಅಲ್ಲಿನ ನಿಯಮ ಅಲ್ಲಿಗೆ ಸರಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ನಮ್ಮದು ಆ ಥರದ ಚಾರಣವೂ ಅಲ್ಲ. ಭಾನುವಾರ ಬಿಸಿಲೇರುವ ಮುಂಚೆ ಊರ ಮಕ್ಕಳನ್ನು ಕರೆದುಕೊಂಡು ಅರಿಶಿನದ ಹೊಲ, ಹುರುಳಿ ಹೊಲ ದಾಟಿ ಹೋಗಿ ಬರುವುದು. ಗೀಜಗನ ಗೂಡು ಯಾವ ದಿಕ್ಕಿಗೆ ತೂಗುತ್ತದೆ, ಟಿಟ್ಟಿಭ ಯಾಕೆ ಬರೀ ನೆಲದಲ್ಲಿ ಮೊಟ್ಟೆ ಇಡುತ್ತದೆ, ಇದನ್ನೆಲ್ಲ ಹೇಳಲು ಕುರಿ ಕಾಯುವ ಅಜ್ಜನೇ ಮೇಷ್ಟ್ರು. ಪಾಳುಬಿದ್ದ ಕರಿಕಲ್ಲು ಕ್ವಾರಿಯಲ್ಲಿ ಚಿರತೆ ಸೇರಿಕೊಳ್ಳುವುದು ನಮಗೂ ಗೊತ್ತು. ಅತ್ತ ಹೋಗುವುದಿಲ್ಲ, ಕತ್ತಲಲ್ಲಿ ಹೊರಡುವುದಿಲ್ಲ.

ದಾರಿ ಬಿಡಿಸುವ ಕೆಲಸಕ್ಕೆ ಜನ ಬರುತ್ತಾರಾ ಎಂಬ ಅನುಮಾನ ನಿಮಗಿರಬಹುದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದರು. ಅಮೆರಿಕದಲ್ಲಿ ಸುಮಾರು 3,500 ಕಿ.ಮೀ. ಉದ್ದದ ಅಪಲೇಷಿಯನ್ ಕಾಲುದಾರಿಯನ್ನು ಬಹುಪಾಲು ಸ್ವಯಂಸೇವಕರೇ ನೋಡಿಕೊಳ್ಳುತ್ತಾರಂತೆ. ಅಷ್ಟು ದೂರ ಯಾಕೆ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆಯುವ ಪರಸೆಯವರಿಗೆ ದಾರಿಯುದ್ದಕ್ಕೂ ಮಜ್ಜಿಗೆ ಕೊಡುವವರನ್ನು ಯಾವ ಸುತ್ತೋಲೆ ಕರೆದಿತ್ತು?

ಒಂದು ಭಯ ಮಾತ್ರ ಇದೆ. ಈ ಪತ್ರ ಓದಿದ ಯಾರಾದರೂ ಇದನ್ನು ಪ್ರವಾಸೋದ್ಯಮ ಯೋಜನೆ ಮಾಡಿ, ಕಮಾನು ಕಟ್ಟಿಸಿ, ಸೆಲ್ಫಿ ಪಾಯಿಂಟ್ ಇಟ್ಟುಬಿಟ್ಟಾರು. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳಿಗೆ ನುಗ್ಗುವ ಕಾರುಗಳನ್ನು ಕಂಡವರಿಗೆ ಈ ಭಯ ಸಹಜ.

ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಒಂದು ದಿನಕ್ಕೆ ಸರ್ವೆಯವರನ್ನು ಕಳಿಸಿಕೊಡಿ. ದಿನಾಂಕ ಒಂದು ವಾರ ಮೊದಲೇ ತಿಳಿಸಿದರೆ ಅಕ್ಕಪಕ್ಕದ ಹೊಲದವರನ್ನೆಲ್ಲ ನಾವೇ ಕರೆದು ಕೂರಿಸುತ್ತೇವೆ. ಅವರ ಎದುರಿಗೇ ಅಳತೆ ಆಗಲಿ. ಸಾಧ್ಯವಾದರೆ ನೀವೂ ಬನ್ನಿ.

ಇಂತಿ,
ಹರದನಹಳ್ಳಿಯ ಒಬ್ಬ ನಿವಾಸಿ