ಲೋಳೆಸರದ ಹೊಸ ಕುಂಡ

ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆ, ಅಂಗಡಿಯ ಮುಂಗಟ್ಟಿನಲ್ಲಿ, ಬೇರುಸಹಿತ ಕಿತ್ತ ಲೋಳೆಸರದ ಗಿಡವೊಂದನ್ನು ತಲೆಕೆಳಗಾಗಿ ಕಟ್ಟಿರುವುದು ಕಂಡುಬರುತ್ತದೆ. ಕೆಟ್ಟ ದೃಷ್ಟಿ ತಾಗದಿರಲೆಂಬುದು ಕಟ್ಟಿದವರ ನಂಬಿಕೆ. ನಂಬಿಕೆಯ ಮಾತು ಒತ್ತಟ್ಟಿಗಿರಲಿ. ಆ ಗಿಡದ ಸ್ಥಿತಿಯನ್ನಷ್ಟು ಗಮನಿಸಬೇಕು. ಅದಕ್ಕೆ ಮಣ್ಣಿಲ್ಲ, ನೀರೆರೆಯುವವರಿಲ್ಲ. ಆದರೂ ಅದು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಹೊರಗಿನ ಎಲೆಗಳು ಒಂದೊಂದಾಗಿ ಸೊರಗಿದರೂ ನಡುವಿನ ಸುಳಿ ಜೀವ ಹಿಡಿದುಕೊಂಡಿರುತ್ತದೆ.

ಇದೇ ಜಾತಿಯ ಗಿಡ ಅದೇ ಮನೆಯ ಹಿತ್ತಿಲಲ್ಲಿ, ಕುಂಡದಲ್ಲಿ, ಸಕಲ ಉಪಚಾರಗಳ ನಡುವೆ ಸಾಯುವುದುಂಟು. ಮರಿಗಳು ಒತ್ತಾಗಿ ಬೆಳೆದು ಕುಂಡ ಸಾಲದಾದಾಗ ಮನೆಯ ಸೊಸೆಯೋ ಮಗಳೋ ಅಕ್ಕರೆಯಿಂದ ದೊಡ್ಡದೊಂದು ಕುಂಡವನ್ನು ತರುತ್ತಾಳೆ. ಗೊಬ್ಬರ ತುಂಬಿದ ಕಪ್ಪು ಮಣ್ಣನ್ನು ಹಾಕಿ ಗಿಡವನ್ನು ನೆಡುತ್ತಾಳೆ. ಆ ಕ್ಷಣವೇ ಒಂದು ತಂಬಿಗೆ ನೀರು ಹೊಯ್ಯುತ್ತಾಳೆ. ಮರುದಿನವೂ ಹೊಯ್ಯುತ್ತಾಳೆ. ಹದಿನೈದು ದಿನಗಳಲ್ಲಿ ಬುಡ ಮೆತ್ತಗಾಗಿ, ಎಲೆಗಳು ಕೈಗೆ ಕಳಚಿ ಬರುತ್ತವೆ. ಆಗ ಹಿರಿಯರ ಬಾಯಿಂದ ಒಂದು ಮಾತು ಹೊರಡುತ್ತದೆ: “ಇವಳ ಕೈಗುಣವೇ ಸರಿಯಿಲ್ಲ.” ಆಡಿದವರು ಆ ಮಾತನ್ನು ಸಂಜೆಯ ಹೊತ್ತಿಗೆ ಮರೆತಿರಬಹುದು. ಕೇಳಿಸಿಕೊಂಡವಳು ಮರೆಯುವುದಿಲ್ಲ. ಎಷ್ಟೋ ಮಂದಿ ಮತ್ತೆಂದೂ ಗಿಡವನ್ನು ಮುಟ್ಟದಿರುವುದಕ್ಕೆ ಇಂತಹ ಒಂದು ಮಾತೇ ಕಾರಣವಾಗಿರುತ್ತದೆ.

ಈ ತೀರ್ಪು ಅನ್ಯಾಯದ್ದು. ಗಿಡ ಸತ್ತದ್ದು ಕೈಯ ಗುಣದಿಂದಲ್ಲ, ನೀರಿನಿಂದ. ಲೋಳೆಸರ, ಕಾಡುಬಸಳೆ, ಪಾಪಾಸುಕಳ್ಳಿ ಮುಂತಾದ ರಸಭರಿತ ಸಸ್ಯಗಳ ಬಾಳ್ವೆಯ ಕ್ರಮವೇ ಬೇರೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಆ ಬಾಗಿಲು ತೆರೆದಾಗಲೆಲ್ಲ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ರಸಭರಿತ ಸಸ್ಯಗಳಲ್ಲಿ ಹೆಚ್ಚಿನವು ಆ ಕೆಲಸವನ್ನು ರಾತ್ರಿಯ ತಂಪಿಗೆ ಮುಂದೂಡುತ್ತವೆ. ರಾತ್ರಿ ಹೀರಿದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲಿನಲ್ಲಿ ಬಾಗಿಲು ಮುಚ್ಚಿ, ಬಿಸಿಲಿನ ನೆರವಿನಿಂದ ಅದನ್ನು ಆಹಾರವಾಗಿ ಮಾರ್ಪಡಿಸುತ್ತವೆ.

ಈ ಸಂಗತಿಯ ಒಂದು ಎಳೆಯನ್ನು ಬಹಳ ಹಿಂದೆಯೇ ಗುರುತಿಸಿದವನು ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ. ಟಿಪ್ಪು ಸುಲ್ತಾನನ ಪತನಾನಂತರ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ಕೆಲವು ಕಾಲ ಇವನ ಪಾಲಿಗೆ ಬಂದಿತ್ತು. ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿರುತ್ತದೆ, ನಡುಹಗಲಿಗೆ ರುಚಿಯೇ ಇಲ್ಲದಂತಾಗುತ್ತದೆ, ಸಂಜೆಗೆ ಕೊಂಚ ಕಹಿಯಾಗುತ್ತದೆ ಎಂದು ಅವನು ಎಲೆಯನ್ನು ಬಾಯಿಗಿಟ್ಟೇ ಕಂಡುಕೊಂಡನು. ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1815ರಲ್ಲಿ ಈ ವಿಷಯ ಪ್ರಕಟವಾಯಿತು. ರಾತ್ರಿಯೆಲ್ಲ ಕೂಡಿದ ಆಮ್ಲ ಹಗಲಿನಲ್ಲಿ ಕರಗುವುದೇ ಈ ರುಚಿಭೇದದ ಮರ್ಮವೆಂಬುದರ ಪೂರ್ಣ ವಿವರಣೆ ದೊರೆತದ್ದು 20ನೆಯ ಶತಮಾನದಲ್ಲಿ. (ಹೈನನ ಈ ಪ್ರಯೋಗವನ್ನು ಕಂಡ ಕಂಡ ಗಿಡಗಳ ಮೇಲೆ ನಡೆಸುವುದು ಜಾಣತನವಲ್ಲ. ರಸಭರಿತ ಸಸ್ಯಗಳಲ್ಲಿ ವಿಷವುಳ್ಳವೂ ಇವೆ.)

ಹೀಗೆ ಹನಿ ಹನಿಯನ್ನೂ ಲೆಕ್ಕವಿಟ್ಟು ಬಾಳುವ ಗಿಡಕ್ಕೆ ದಿನವೂ ತಂಬಿಗೆ ನೀರೆರೆದರೆ ಅದು ಕುಡಿಯುವುದು ಅತ್ಯಲ್ಪ. ಉಳಿದದ್ದು ಮಣ್ಣಿನಲ್ಲೇ ನಿಲ್ಲುತ್ತದೆ. ಬೇರಿಗೆ ನೀರು ಎಷ್ಟು ಅಗತ್ಯವೋ ಗಾಳಿಯೂ ಅಷ್ಟೇ ಅಗತ್ಯ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರಾಡುವುದು ಹೇಗೆ? ಉಸಿರುಕಟ್ಟಿದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಮೇಲಿನ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡವರು ನೀರು ಸಾಲಲಿಲ್ಲವೆಂದು ತಿಳಿದು ಇನ್ನೊಂದು ತಂಬಿಗೆ ಎರೆಯುತ್ತಾರೆ. ಅಕ್ಕರೆ ಹೆಚ್ಚಿದಷ್ಟೂ ಗಿಡದ ಆಯುಷ್ಯ ಕುಗ್ಗುತ್ತದೆ.

ದೊಡ್ಡ ಕುಂಡವೂ ಈ ಅನಾಹುತದಲ್ಲಿ ಪಾಲುಗೊಳ್ಳುತ್ತದೆ. ಬೆಳೆಯುವ ಮಗುವಿಗೆ ಸಡಿಲವಾದ ಅಂಗಿ ಹೊಲಿಸುವಂತೆ ಗಿಡಕ್ಕೂ ಒಮ್ಮೆಲೇ ವಿಶಾಲವಾದ ಕುಂಡ ಕೊಡುವುದು ಲಾಭವೆಂದು ಹಲವರ ಎಣಿಕೆ. ಆದರೆ ಬೇರು ತಲುಪದ ಮಣ್ಣಿನಲ್ಲಿರುವ ನೀರನ್ನು ಹೀರುವವರು ಯಾರೂ ಇಲ್ಲ. ಅದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಹಳೆಯದಕ್ಕಿಂತ ಒಂದೆರಡು ಅಂಗುಲ ಅಗಲವಾದ, ತಳದಲ್ಲಿ ತೂತಿರುವ ಮಣ್ಣಿನ ಕುಂಡ ಸಾಕು. ಸುಟ್ಟ ಮಣ್ಣಿನ ಗೋಡೆಯ ಮೂಲಕವೂ ತೇವ ಆರುತ್ತದೆ. ಮೆರುಗು ಹಚ್ಚಿದ ಪಿಂಗಾಣಿಯ ಕುಂಡಕ್ಕಾಗಲಿ ಪ್ಲಾಸ್ಟಿಕ್ಕಿಗಾಗಲಿ ಆ ಗುಣವಿಲ್ಲ. ತೂತಿಲ್ಲದ ಅಲಂಕಾರದ ಪಾತ್ರೆಗಳಲ್ಲಿ ಈ ಗಿಡಗಳನ್ನು ನೆಟ್ಟು ಮಾರುವ ರೂಢಿಯೊಂದು ಈಚೆಗೆ ಬೆಳೆದಿದೆ. ನೋಟಕ್ಕೆ ಅದು ಸೊಗಸೇ. ಗಿಡದ ಪಾಲಿಗೆ ಮಾತ್ರ ಬಾವಿ.

ತಳದಲ್ಲಿ ಜಲ್ಲಿಕಲ್ಲಿನ ದಪ್ಪ ಪದರವನ್ನು ಹಾಸಿದರೆ ನೀರು ಬೇಗ ಬಸಿಯುವುದೆಂಬ ಮಾತು ತೋಟಗಾರರಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಇದೂ ಪರೀಕ್ಷೆಗೆ ನಿಲ್ಲುವ ಮಾತಲ್ಲ. ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಕಲ್ಲುಗಳ ಪದರಕ್ಕೆ ನೀರು ಸುಲಭವಾಗಿ ಇಳಿಯದು. ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ಅಲ್ಲಿಯೇ ತಡೆದು ನಿಲ್ಲುತ್ತದೆ. ಹೀಗೆ ಒದ್ದೆಯ ಪದರ ಬೇರಿನ ಹತ್ತಿರಕ್ಕೇ ಏರಿದಂತಾಯಿತು. ಮಣ್ಣು ಸೋರಿಹೋಗದಂತೆ ತೂತಿನ ಮೇಲೊಂದು ಬೋಕಿಯನ್ನು ಬೋರಲಾಗಿ ಇಟ್ಟರೆ ಸಾಕಾಗುತ್ತದೆ. ಬದಲಾಗಬೇಕಾದದ್ದು ಇಡೀ ಕುಂಡದ ಮಣ್ಣು. ಬಯಲುಸೀಮೆಯ ಎರೆಮಣ್ಣು ಜೋಳಕ್ಕೂ ಹತ್ತಿಗೂ ಒಳ್ಳೆಯದು, ನೀರನ್ನು ಹಿಡಿದಿಡುವ ಆ ಗುಣವೇ ಇಲ್ಲಿ ದೋಷ. ಕೆಮ್ಮಣ್ಣಿಗೆ ಅಷ್ಟೇ ಪ್ರಮಾಣದ ದಪ್ಪ ಮರಳನ್ನು, ಸ್ವಲ್ಪ ಇಟ್ಟಿಗೆಯ ಚೂರನ್ನು, ಚೆನ್ನಾಗಿ ಕಳಿತ ಗೊಬ್ಬರವನ್ನು ಒಂದು ಹಿಡಿಯಷ್ಟು ಬೆರೆಸಿದರೆ ಹದವಾಗುತ್ತದೆ. ಮರಳು ಕಡಲತೀರದ್ದಾಗಬಾರದು, ಅದರಲ್ಲಿ ಉಪ್ಪಿರುತ್ತದೆ.

ಚಳಿ ಕಳೆದು, ಮಳೆ ಇನ್ನೂ ದೂರವಿರುವ ಫೆಬ್ರವರಿ-ಮಾರ್ಚ್ ತಿಂಗಳುಗಳು ಈ ಕೆಲಸಕ್ಕೆ ಅನುಕೂಲ. ಒಂದು ವಾರ ಮೊದಲೇ ನೀರು ನಿಲ್ಲಿಸಿದ್ದರೆ ಒಣಗಿದ ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ಕುಂಡವನ್ನು ಓರೆಯಾಗಿಸಿ ಅಂಗೈಯಿಂದ ತಟ್ಟಿದರೆ ಗಿಡ ಮಣ್ಣುಹೆಂಟೆಯೊಡನೆ ಜಾರಿ ಬರುತ್ತದೆ. ಎಲೆ ಹಿಡಿದು ಜಗ್ಗುವ ಅಗತ್ಯವಿಲ್ಲ. ಪಾಪಾಸುಕಳ್ಳಿಯಾದರೆ ಗೋಣಿಚೀಲದ ತುಂಡನ್ನು ಮಡಿಸಿ ಹಿಡಿಯಬೇಕು. ಹಾಲುಗಳ್ಳಿಯ ಜಾತಿಯದಾದರೆ ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಲೇಬೇಕು. ಹೊರಬಂದ ಬೇರನ್ನು ಬೆರಳಿನಿಂದ ಮೆಲ್ಲನೆ ಬಿಡಿಸಿ ನೋಡಿದರೆ ಗಿಡದ ಆರೋಗ್ಯವೆಲ್ಲ ಅಲ್ಲಿ ತೆರೆದಿಟ್ಟಂತಿರುತ್ತದೆ. ಗಟ್ಟಿಯಾದ, ತಿಳಿ ಬಣ್ಣದ ಬೇರು ಒಳ್ಳೆಯದು. ಕಪ್ಪಾಗಿ, ಲೋಳೆಯಾಗಿ, ನಾರುವ ಬೇರನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ ಎಸೆಯತಕ್ಕದ್ದು. ಪಕ್ಕದ ಮರಿಗಳನ್ನು ಅವುಗಳದೇ ಬೇರಿನೊಡನೆ ಬೇರ್ಪಡಿಸಬಹುದು.

ಇನ್ನು ಮುಂದಿನದು ಸುಮ್ಮನಿರುವ ಕೆಲಸ. ಕೈಗೆ ಕೆಲಸವಿಲ್ಲದಿರುವುದರಿಂದಲೇ ಅದು ಕಷ್ಟ. ಕತ್ತರಿಸಿದ ಬೇರಿನ ಗಾಯ ಒಣಗಿ ಮೇಲೊಂದು ಪೊರೆ ಕಟ್ಟುವವರೆಗೆ, ಮೂರು ನಾಲ್ಕು ದಿನ, ಗಿಡವನ್ನು ಮಣ್ಣಿಲ್ಲದೆ ನೆರಳಿನಲ್ಲಿ ಮಲಗಿಸಿಡಬೇಕು. ಮನೆಯ ಮಂದಿಗೆ ಇದು ನಿರ್ದಯವೆಂದು ತೋರಬಹುದು. ಬಾಗಿಲ ಮೇಲೆ ತಿಂಗಳುಗಟ್ಟಲೆ ತೂಗಾಡುವ ಗಿಡವನ್ನು ನೋಡಿದವರಿಗೆ ನಾಲ್ಕು ದಿನಗಳ ಬಗ್ಗೆ ಅಂಜಿಕೆ ಇರಬೇಕಾಗಿಲ್ಲ. ಹಸಿ ಗಾಯದ ಬೇರನ್ನು ಹಸಿ ಮಣ್ಣಿಗೆ ಇಳಿಸುವುದೇ ನಿಜವಾದ ನಿರ್ದಯತೆ. ನೆಟ್ಟ ಮೇಲೆಯೂ ಒಂದು ವಾರ ನೀರು ಬೇಡ. ಈ ನಡುವೆ ಎಲೆಗಳು ತೆಳ್ಳಗಾಗಬಹುದು, ಬಣ್ಣ ಕೊಂಚ ಕೆಂಪಾಗಬಹುದು. ಗಿಡ ತನ್ನ ಉಗ್ರಾಣದಿಂದ ಖರ್ಚು ಮಾಡುತ್ತಿದೆಯೆಂದಷ್ಟೇ ಅದರ ಅರ್ಥ.

ಎಂಟನೆಯ ದಿನ ಬೆಳಗ್ಗೆ ತಳದ ತೂತಿನಿಂದ ಇಳಿಯುವಷ್ಟು ನೀರು ಹಾಕಿ, ಮಣ್ಣು ಪೂರ್ತಿ ಒಣಗುವ ತನಕ ಮತ್ತೆ ಕುಂಡದ ಕಡೆ ತಂಬಿಗೆ ಒಯ್ಯಬಾರದು. ಮೂರು ನಾಲ್ಕು ವಾರ ಕಳೆದ ಮೇಲೆ ಗಿಡದ ಬುಡವನ್ನು ಎರಡು ಬೆರಳುಗಳಿಂದ ಹಿಡಿದು ಹಗುರವಾಗಿ ಮೇಲೆತ್ತಿ ನೋಡಬಹುದು. ಅದು ಜಗ್ಗದೆ ನಿಂತರೆ ಹೊಸ ಬೇರು ಮಣ್ಣನ್ನು ಹಿಡಿದಿದೆ. ಬೇರ್ಪಡಿಸಿ ನೆಟ್ಟ ಮರಿಗಳೂ ಅಷ್ಟರಲ್ಲಿ ಚೇತರಿಸಿಕೊಂಡಿರುತ್ತವೆ. ಅವುಗಳಲ್ಲೊಂದನ್ನು, ಕೈಗುಣವಿಲ್ಲವೆನಿಸಿಕೊಂಡು ಗಿಡದ ಗೊಡವೆಯನ್ನೇ ಬಿಟ್ಟ ನೆರೆಮನೆಯವಳಿಗೆ ಕೊಡಬಹುದು.